ಇವತ್ತು ಎಷ್ಟು ತೂಕ ಬಂತು?

(ರಾಯಚೂರಿನಲ್ಲಿ ಒಂದು ಭಾನುವಾರ ಸಂಜೆ, ಕೆಲಸದ ಜೊತೆಗೆ ಬರೆಯುವ, ಹಾಡುವ, ಚಿತ್ರ ಬಿಡಿಸುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನಾನು ಹಗಲು ಹತ್ತಿಯಿಂದ ಕಾಳು ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಚಿತ್ರ ಬಿಡಿಸುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಹಗಲಿನ ಕೆಲಸ ಹೊಟ್ಟೆಗೆ. ರಾತ್ರಿಯದ್ದು ಯಾವುದಕ್ಕೆ ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಿಲ್ಲದಿದ್ದರೆ ನಾನು ಸೊರಗುತ್ತೇನೆ, ಅಷ್ಟು ಗೊತ್ತು.

ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಹೀಗೇ ಇದ್ದೀರಿ ಅಲ್ವಾ? ಯಾರೋ ಬ್ಯಾಂಕಿನಲ್ಲಿದ್ದೀರಿ, ಕತೆ ಬರೆಯುತ್ತೀರಿ. ಯಾರೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದು ಹಾರ್ಮೋನಿಯಂ ಮುಂದೆ ಕೂರುತ್ತೀರಿ. ಯಾರೋ ಮಕ್ಕಳನ್ನು ಮಲಗಿಸಿದ ಮೇಲೆ ಕಸೂತಿ ಹಾಕುತ್ತೀರಿ. ನಮಗೆಲ್ಲ ಒಂದು ಪೆಟ್ಟು ಒಂದೇ ಜಾಗದಲ್ಲಿ ಬೀಳುತ್ತದೆ. "ಈ ವಾರ ಏನೂ ಆಗಲಿಲ್ಲ" ಅನ್ನುವ ಮಾತು ಬಾಯಿಂದ ಹೊರಟು, ಎದೆಗೆ ತಲುಪುವಷ್ಟರಲ್ಲಿ "ನಾನು ಏನೂ ಅಲ್ಲ" ಅಂತ ಆಗಿರುತ್ತದೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಮಿಲ್ಲಿನಲ್ಲಿ ಎಲ್ಲಕ್ಕೂ ತೂಕವಿದೆ. ಗಾಡಿ ಒಳಗೆ ಬರುವಾಗ ತೂಕ, ಖಾಲಿಯಾಗಿ ಹೊರಗೆ ಹೋಗುವಾಗ ತೂಕ. ಒಂದು ಕ್ವಿಂಟಲ್ ಹತ್ತಿಗೆ ಸುಮಾರು 33ರಿಂದ 35 ಕಿಲೋ ಅರಳೆ ಬರಬೇಕು. ಉಳಿದದ್ದು ಬಹುಪಾಲು ಕಾಳು. ಕಾಳು ಎಣ್ಣೆ ಮಿಲ್ಲಿಗೆ ಹೋಗುತ್ತದೆ, ಹಿಂಡಿ ದನಕ್ಕೆ. ಅರಳೆಯನ್ನು ಒತ್ತಿ ಕಟ್ಟಿದರೆ 170 ಕಿಲೋದ ಒಂದು ಬೇಲ್. ಅರಳೆ ಕಡಿಮೆ ಬಂದರೆ ಯಾಕೆ ಕಡಿಮೆ ಬಂತು ಅಂತ ಕೇಳಬೇಕು. ಕೇಳುವುದೇ ನನ್ನ ಕೆಲಸ. ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಒಬ್ಬ ರೈತನ ಇಡೀ ವರ್ಷದ ದುಡ್ಡಿದೆ, ಲೆಕ್ಕ ಸರಿ ಇರಲೇಬೇಕು.

ಆ ಲೆಕ್ಕವನ್ನು ನಾನು ಮನೆಗೂ ತಂದೆ.

ಚಿತ್ರಕ್ಕೂ ಒಂದು ಖಾತೆ ಪುಸ್ತಕ ಇಟ್ಟೆ. ತಾರೀಕು, ಎಷ್ಟು ಹೊತ್ತು ಕೂತೆ, ಎಷ್ಟು ಚಿತ್ರ ಮುಗಿಯಿತು, ಮೊಬೈಲಿನಲ್ಲಿ ಹಾಕಿದ ಮೇಲೆ ಎಷ್ಟು ಜನ ನೋಡಿದರು. ಏನೂ ಬಿಡಿಸದ ದಿನಕ್ಕೆ ಕೆಂಪು ಮಸಿಯಲ್ಲಿ ಸೊನ್ನೆ. ಮೊದಲ ನಾಲ್ಕು ತಿಂಗಳು ಆ ಪುಸ್ತಕ ನನ್ನನ್ನು ಎಬ್ಬಿಸಿ ಕೂರಿಸಿತು. ಅದು ನಿಜ, ಮುಚ್ಚಿಡುವುದಿಲ್ಲ. ಆಮೇಲೆ ನಿಧಾನಕ್ಕೆ ಒಂದು ಬದಲಾವಣೆ ಆಯಿತು. ರಾತ್ರಿ ಚಿತ್ರ ಮುಗಿದಾಗ ಚಿತ್ರವನ್ನು ನೋಡುತ್ತಿರಲಿಲ್ಲ, ನೇರ ಪುಸ್ತಕಕ್ಕೆ ಹೋಗುತ್ತಿದ್ದೆ. ಅಂಕಿ ಬರೆದ ಮೇಲೆ ಎದೆ ಹಗುರ ಆಗುತ್ತಿತ್ತು. ಬರೆಯುವವರೆಗೆ ಆಗುತ್ತಿರಲಿಲ್ಲ.

ಆ ವರ್ಷ ಮೊಹರಂಗೆ ಮುದಗಲ್ಲಿಗೆ ಹೋಗಿದ್ದೆ. ಮುದಗಲ್ ಮೊಹರಂ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಎಲ್ಲ ಜಾತಿಯವರೂ ದೇವರು ಹೊರುವ ಹಬ್ಬ, ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕಿದ ಗುಂಡಿಯ, ಸುತ್ತ ರಾತ್ರಿಯಿಡೀ ಹೆಜ್ಜೆ. ಒಂದೇ ರಾತ್ರಿಯಲ್ಲಿ ಇಪ್ಪತ್ತು ಚಿತ್ರ ಅಂತ ನನಗೆ ನಾನೇ ಗುತ್ತಿಗೆ ಕೊಟ್ಟುಕೊಂಡಿದ್ದೆ. ಇಪ್ಪತ್ತೂ ಆದವು. ಬೆಳಗಿನ ಜಾವ ಬಸ್ಸಿನಲ್ಲಿ ಕೂತಾಗ ಪಕ್ಕದ ಅಜ್ಜ ಕೇಳಿದರು, "ರಿವಾಯತ್ ಹೆಂಗಿತ್ತಪ್ಪ?" ರಿವಾಯತ್ ಅಂದರೆ ಮೊಹರಂ ಹಾಡು. ನನಗೆ ಒಂದು ಸಾಲೂ ನೆನಪಿರಲಿಲ್ಲ. ಕಿವಿಯ ಪಕ್ಕದಲ್ಲೇ ಹಾಡಿದ್ದರು. ಕುಣಿಯ ಬೆಂಕಿಯ ಝಳ ಮುಖಕ್ಕೆ ಬಡಿದದ್ದೂ ನೆನಪಿಲ್ಲ. ಆ ಇಪ್ಪತ್ತು ಚಿತ್ರ ಈಗಲೂ ನನ್ನ ಹತ್ತಿರ ಇವೆ. ಅವುಗಳಲ್ಲಿ ಜನ ಇದ್ದಾರೆ, ಹಬ್ಬ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮರುವರ್ಷ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಸ್ಪತ್ರೆ, ಆಪರೇಷನ್, ಮನೆ. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. 38 ದಿನ ಪೆನ್ಸಿಲ್ ಮುಟ್ಟಲಿಲ್ಲ. ಆದರೆ ಪುಸ್ತಕ ಮಾತ್ರ ದಿನಾ ತೆಗೆದೆ. 38 ಕೆಂಪು ಸೊನ್ನೆ ಬರೆದೆ. ಒಂದು ರಾತ್ರಿ ಮನೆಯವಳು ಊಟಕ್ಕೆ ಕರೆದಳು. "ಇವತ್ತು ಏನೂ ಮಾಡಿಲ್ಲ, ನನಗೆ ಊಟ ಬೇಡ" ಅಂದೆ. ಬೇಕಂತಲೇ ಅಂದದ್ದಲ್ಲ, ಬಾಯಿಗೆ ಹಾಗೇ ಬಂತು. ಒಳಗಿನ ಕೋಣೆಯಿಂದ ಅವ್ವ ಕೇಳಿಸಿಕೊಂಡಳು.

"ಏನೂ ಮಾಡಿಲ್ಲ ಅಂದ್ರ? ಮುಂಜಾನಿ ನನ್ನ ಎತ್ತಿ ಕುಂದರಿಸಿದವ ಯಾರಪ್ಪ ಹಂಗಾರ?"

ನಾನು ತಟ್ಟೆಯ ಮುಂದೆ ಕೂತೆ. ಆದರೆ ಆ ಮಾತು ಎಲ್ಲಿಂದ ಬಂತು ಅಂತ ಬಹಳ ದಿನ ಯೋಚಿಸಿದೆ. ಊಟ ಬೇಡ ಅನ್ನುವಷ್ಟು ದೂರ ನಾನು ಹೋದದ್ದು ಹೇಗೆ? ಹುಡುಕುತ್ತಾ ಹೋದರೆ ಅದು ಮೊಬೈಲಿಗಿಂತ ಹಳೆಯದು, ಆ ಖಾತೆ ಪುಸ್ತಕಕ್ಕಿಂತ ಹಳೆಯದು.

ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕ, ನಿಮಗೆ ಗೊತ್ತಿದೆ. ಸಂಜೆ ಹೊಲದ ಬದುವಿನ ಮೇಲೆ ತಕ್ಕಡಿ ತೂಗು ಹಾಕುತ್ತಾರೆ. ಒಬ್ಬೊಬ್ಬರೂ ತಮ್ಮ ಗಂಟು ತಂದು ಕೊಕ್ಕೆಗೆ ಸಿಕ್ಕಿಸಬೇಕು. ಮೂವತ್ತು ಕಿಲೋ ಬಂದ ದಿನ ಅವ್ವನ ನಡಿಗೆಯೇ ಬೇರೆ. ಹದಿನೆಂಟು ಬಂದ ದಿನ ಅವಳು ತಲೆ ಎತ್ತುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಅಪ್ಪ ಕೇಳುವ ಮೊದಲ ಮಾತು, "ಇವತ್ತ ಎಷ್ಟ ತೂಕ ಬಂತು?" ಅಪ್ಪ ಕೆಟ್ಟವರಲ್ಲ. ಆ ತೂಕದ ಮೇಲೆ ನಮ್ಮ ಜೋಳ ನಿಂತಿತ್ತು. ಹತ್ತಿ ಕಡಿಮೆ ಬಂದ ದಿನ ಅವ್ವ ರೊಟ್ಟಿಯನ್ನು ಕೊನೆಗೆ ತಿನ್ನುತ್ತಿದ್ದಳು, ಕಡಿಮೆ ತಿನ್ನುತ್ತಿದ್ದಳು. ಅದನ್ನು ನೋಡಿ ಬೆಳೆದ ಹುಡುಗನಿಗೆ ಏನು ಅರ್ಥ ಆಗುತ್ತದೆ? ತೂಕ ಬಂದರೆ ಊಟ. ತೂಕ ಬಾರದಿದ್ದರೆ ಕೊನೆಗೆ ಕೂರಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. "ದುಡಿಮೆ ಬೇರೆ, ನಿನ್ನ ಬೆಲೆ ಬೇರೆ" ಅನ್ನುವ ಮಾತನ್ನು ಹೊಲದಲ್ಲಿ ಬಗ್ಗಿದ ಹೆಣ್ಣುಮಗಳಿಗೆ ಹೋಗಿ ಹೇಳಲು ನನಗೆ ಬಾಯಿಲ್ಲ. ಅವಳಿಗೆ ತೂಕ ಅಂದರೆ ಅನ್ನ. ಅಲ್ಲಿ ಬದಲಾಗಬೇಕಾದದ್ದು ಕೂಲಿ, ಅವಳ ಮನಸ್ಸಲ್ಲ. ನಾನು ಮಾತಾಡುತ್ತಿರುವುದು ತಕ್ಕಡಿಯ ಅಗತ್ಯವೇ ಇಲ್ಲದ ಜಾಗಕ್ಕೆ ನಾವೇ ಹೊತ್ತು ತಂದು ತೂಗು ಹಾಕಿದ ತಕ್ಕಡಿಯ ಬಗ್ಗೆ. ನನ್ನ ಚಿತ್ರ ಯಾರ ಜೋಳವನ್ನೂ ತರುತ್ತಿರಲಿಲ್ಲ. ಆದರೂ ನಾನು ಗಂಟು ಹಿಡಿದು ಬದುವಿನ ಮೇಲೆ ನಿಂತೇ ಇದ್ದೆ.

ಇದನ್ನು ಓದಿ ತಿಳಿದವರು ಏನು ಹೇಳುತ್ತಾರೆ ಅಂತಲೂ ಹುಡುಕಿದೆ. 2001ರಲ್ಲಿ ಜೆನಿಫರ್ ಕ್ರಾಕರ್ ಮತ್ತು ಕಾನಿ ವುಲ್ಫ್ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಮಾತು ಮುಂದಿಟ್ಟರು. ಒಬ್ಬ ಮನುಷ್ಯ ತನ್ನನ್ನು ತಾನು ಎಷ್ಟು ಮೆಚ್ಚಿಕೊಳ್ಳುತ್ತಾನೆ ಅನ್ನುವುದಷ್ಟೇ ಮುಖ್ಯ ಅಲ್ಲ, ಆ ಮೆಚ್ಚುಗೆಯನ್ನು ಯಾವುದರ ಮೇಲೆ ನಿಲ್ಲಿಸಿದ್ದಾನೆ ಅನ್ನುವುದೂ ಮುಖ್ಯ ಅಂತ. ಕೆಲವರು ಓದಿನ ಮೇಲೆ ನಿಲ್ಲಿಸುತ್ತಾರೆ, ಕೆಲವರು ರೂಪದ ಮೇಲೆ, ಕೆಲವರು ಬೇರೆಯವರ ಒಪ್ಪಿಗೆಯ ಮೇಲೆ, ಕೆಲವರು ಮನೆಯವರ ಪ್ರೀತಿಯ ಮೇಲೆ. ನಿಲ್ಲಿಸಿದ ಕಂಬ ಅಲ್ಲಾಡಿದರೆ ಮನುಷ್ಯನೂ ಅಲ್ಲಾಡುತ್ತಾನೆ. ನಾನು ನನ್ನ ಇಡೀ ಮಾಳಿಗೆಯನ್ನು ಒಂದು ಪೆನ್ಸಿಲ್ ಮೇಲೆ ನಿಲ್ಲಿಸಿದ್ದೆ.

ಇನ್ನೊಂದು ಹಳೆಯ ಪ್ರಯೋಗವಿದೆ, ಅದು ಚಿತ್ರದ್ದೇ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಅದನ್ನು ಪ್ರಕಟಿಸಿದರು. ಅಮೆರಿಕದ ಒಂದು ಶಿಶುವಿಹಾರದಲ್ಲಿ ತಾವಾಗಿಯೇ ಖುಷಿಯಿಂದ ಚಿತ್ರ ಬಿಡಿಸುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮಕ್ಕಳಿಗೆ "ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಮೊದಲು ಹೇಳದೆ ಕೊನೆಗೆ ಸುಮ್ನೆ ಕೊಟ್ಟರು. ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಆಸೆ ತೋರಿಸಿದ ಮಕ್ಕಳು ಬಣ್ಣದ ಪೆನ್ನಿನ ಜೊತೆ ಕಳೆದ ಹೊತ್ತು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧ. ಸುಮ್ನೆ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಬಹುಮಾನ ಕೆಟ್ಟದ್ದು ಅಂತ ನಾನು ಇದನ್ನು ಓದಿಕೊಳ್ಳಲಿಲ್ಲ. "ಇಷ್ಟು ಕೊಟ್ಟರೆ ಅಷ್ಟು" ಅನ್ನುವ ಕರಾರು ಒಳಗೆ ಬಂದಾಗ ಆಟ ಕೂಲಿಯಾಗುತ್ತದೆ. ಕೂಲಿಯಾದ ಮೇಲೆ, ಕೂಲಿ ಕೊಡುವವರು ಇಲ್ಲದಾಗ ಯಾರು ಬರುತ್ತಾರೆ? ನನ್ನ ವಿಷಯದಲ್ಲಿ ಕರಾರು ಹಾಕಿದವನೂ ನಾನೇ, ಕೂಲಿಯವನೂ ನಾನೇ.

ಆದರೆ ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಅಮೆರಿಕ ಅಲ್ಲ, ನಮ್ಮ ಲಿಂಗಸುಗೂರು ತಾಲೂಕು. ಗುರುಗುಂಟಾದ ಅಮರೇಶ್ವರಕ್ಕೆ ನೀವು ಜಾತ್ರೆಗೆ ಹೋಗಿರುತ್ತೀರಿ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಅಲ್ಲಿಯವರು. ಅಲ್ಲಿಂದ ಕಲ್ಯಾಣಕ್ಕೆ ಹೋದವರು. "ಕಾಯಕವೇ ಕೈಲಾಸ" ಅನ್ನುವ ಮಾತನ್ನು ನಾವು ಬಸವಣ್ಣನವರ ಹೆಸರಿಗೆ ಹಾಕಿ ಗೋಡೆ ಗೋಡೆಯ ಮೇಲೆ ಬರೆಸುತ್ತೇವೆ. ಅದು ಬರುವುದು ಮಾರಯ್ಯನ ವಚನದಲ್ಲಿ. ಮಾರಯ್ಯನ ಕಾಯಕ ಏನು? ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಅಷ್ಟೇ.

ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ನಮ್ಮ ಮನೆಯಾಗಿದ್ದರೆ ಹಬ್ಬ ಮಾಡುತ್ತಿದ್ದೆವು. ಲಕ್ಕಮ್ಮ ಒಪ್ಪಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ?" ಅಂದಳು. ಇಷ್ಟು ಅಕ್ಕಿಯ ಆಸೆ ನಿಮಗೆ ಯಾಕೆ, ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು.

ಇದನ್ನು ನಾನು ಶಾಲೆಯಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅವ್ವನ ಮಂಚದ ಪಕ್ಕ ಕೂತಾಗ ಮತ್ತೆ ನೆನಪಾಯಿತು. ಆಗ ಬೇರೆಯೇ ಕೇಳಿಸಿತು. ಜಾಸ್ತಿ ತಂದರೆ ಜಾಸ್ತಿ ಮನುಷ್ಯ ಆಗುವುದಿಲ್ಲ ಅಂತ ಆ ಹೆಣ್ಣುಮಗಳಿಗೆ ಅಷ್ಟು ಗಟ್ಟಿಯಾಗಿ ಗೊತ್ತಿತ್ತು. ಹಾಗಂತ ಅವಳು ಸೋಮಾರಿತನಕ್ಕೆ ಜಾಗ ಕೊಟ್ಟವಳಲ್ಲ. ಇನ್ನೊಂದು ವಚನದಲ್ಲಿ ಗಂಡನಿಗೆ "ಕಾಯಕ ನಿಂದಿತ್ತು ಹೋಗಯ್ಯಾ" ಅಂತ ಹೇಳಿ ಎಬ್ಬಿಸಿ ಕಳಿಸುತ್ತಾಳೆ. ನಿಂತಾಗ ಎಬ್ಬಿಸುತ್ತಾಳೆ, ಮೀರಿದಾಗ ಹಿಂದೆ ಕಳಿಸುತ್ತಾಳೆ. ಎರಡೂ ಕೈ ಒಂದೇ ಹೆಣ್ಣಿನವು. ನಾವು ಎಬ್ಬಿಸುವ ಮಾತನ್ನು ಮಾತ್ರ ಗೋಡೆಗೆ ಬರೆದುಕೊಂಡಿದ್ದೇವೆ. ಇನ್ನೊಂದನ್ನು ಬಿಟ್ಟಿದ್ದೇವೆ. ಕಾಯಕವೇ ಕೈಲಾಸ ಅಂದರೆ ಇನ್ನೂ ದುಡಿ, ಇನ್ನೂ ದುಡಿ ಅಂತ ಅರ್ಥ ಮಾಡುವುದನ್ನು ಕೇಳಿದರೆ ನನಗೆ ಸಂಕಟ ಆಗುತ್ತದೆ. ಕೈಲಾಸ ಕಾಯಕದಲ್ಲೇ ಇದ್ದರೆ, ಕಾಯಕದಿಂದ ಎಷ್ಟು ಬಂತು ಅಂತ ಎಣಿಸುವ ಮಾತು ಎಲ್ಲಿ ಬಂತು?

ಸರಿ, ಆಮೇಲೆ ನಾನೇನು ಮಾಡಿದೆ ಅಂತ ಹೇಳುತ್ತೇನೆ. ಖಾತೆ ಪುಸ್ತಕ ಮುಚ್ಚಿದೆ. ಸುಡಲಿಲ್ಲ, ಹರಿಯಲಿಲ್ಲ. ಮಿಲ್ಲಿನ ಹಳೆಯ ಪುಸ್ತಕಗಳ ಜೊತೆ ಮೇಲಿಟ್ಟೆ. ಮೊದಲ ತಿಂಗಳು ಕೈ ಅದನ್ನೇ ಹುಡುಕುತ್ತಿತ್ತು. ಹತ್ತಿ ಸೀಸನ್ನಿನಲ್ಲಿ, ಅಂದರೆ ನವೆಂಬರಿನಿಂದ ಫೆಬ್ರುವರಿವರೆಗೆ, ಚಿತ್ರ ಬಿಡಿಸುವ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ. ಆ ದಿನಗಳಲ್ಲಿ ಗಾಡಿಗಳು ರಾತ್ರಿ ಹತ್ತಕ್ಕೂ ನಿಂತಿರುತ್ತವೆ. ಕೈಗೆ ಶಕ್ತಿ ಇರುವುದಿಲ್ಲ. ಮೊದಲು ಆ ನಾಲ್ಕು ತಿಂಗಳು ನನಗೆ ನರಕ, ಈಗ ಅದು ಬರೀ ಸೀಸನ್. ಎರೆ ಹೊಲದವರನ್ನು ಕೇಳಿ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಬಿದ್ದಿರುತ್ತದೆ. ಆ ಬಿರುಕಿನೊಳಗೆ ಗಾಳಿ ಆಡುತ್ತದೆ, ಮೊದಲ ಮಳೆ ಆಳಕ್ಕೆ ಇಳಿಯುತ್ತದೆ. ಆ ಹೊಲವನ್ನು ಯಾರೂ ಬೈಯುವುದಿಲ್ಲ.

ಚಿತ್ರವನ್ನು ಮೊಬೈಲಿಗೆ ಹಾಕುವ ಮೊದಲು ಒಬ್ಬರಿಗೆ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ. ಒಮ್ಮೆ ಮಗಳು, ಒಮ್ಮೆ ಮಿಲ್ಲಿನ ಹಮಾಲರು. ಅವರು ಅಂಕಿ ಕೊಡುವುದಿಲ್ಲ. "ಈ ಎತ್ತಿನ ಕೊಂಬು ಹಿಂಗಿರಂಗಿಲ್ಲ" ಅನ್ನುತ್ತಾರೆ. ಅದರಿಂದ ನನಗೆ ಎಷ್ಟು ಉಪಯೋಗ ಆಗಿದೆ ಅಂತ ಹೇಳಲಾರೆ.

ಹವ್ಯಾಸಿ ಅನ್ನುವ ಮಾತು ಕೆಲವರಿಗೆ ಚುಚ್ಚುತ್ತದೆ. ನೌಕರಿ ಜೊತೆಗೆ ಮಾಡುವವರು ಅರ್ಧ ಕಲಾವಿದರು ಅನ್ನುವ ಹಾಗೆ. ಪಕ್ಕದ ಬಳ್ಳಾರಿಯ ರಾಘವರು ವಕೀಲರಾಗಿದ್ದರು. ವಕೀಲಿಯ ಜೊತೆಗೇ ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ಮಾಡಿದರು. 1946ರಲ್ಲಿ ತೀರಿಕೊಂಡರು, ಇವತ್ತಿಗೂ ಜನ ಅವರ ಹೆಸರಿಗೆ ಊರನ್ನೂ ಸೇರಿಸಿ ಬಳ್ಳಾರಿ ರಾಘವ ಅಂತಲೇ ಮಾತಾಡುತ್ತಾರೆ. ಹೊಟ್ಟೆಗೆ ಒಂದು ಕೆಲಸ ಇದ್ದದ್ದು ಅವರ ನಟನೆಯನ್ನು ಸಣ್ಣದು ಮಾಡಲಿಲ್ಲ.

ನಮ್ಮ ರಾಯಚೂರಿನ ಕಲ್ಲಿನ ಮಾತು ಹೇಳದೆ ಹೋಗಲಾರೆ. ಬಸ್ ನಿಲ್ದಾಣದ ಪಕ್ಕದ ಕೋಟೆ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನ 1294ರದ್ದು. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಅಂತ ಅದು ಹೇಳುತ್ತದೆ. ಎಲ್ಲರೂ ಶಾಸನ ನೋಡಿ ಮುಂದೆ ಹೋಗುತ್ತಾರೆ. ಹತ್ತಿರದಲ್ಲೇ ಗೋಡೆಯ ಮೇಲೆ ತೆಳುವಾಗಿ ಕೊರೆದ ಗೆರೆಚಿತ್ರ ಇದೆ. ಅದೇ ಕಲ್ಲನ್ನು ಗಾಡಿಯ ಮೇಲೆ ಹೇರಿ ತರುವ ಚಿತ್ರ. ಗಾಡಿಗೆ ಕಟ್ಟಿದ ಪಶುಗಳ ಉದ್ದ ಸಾಲು, ಚಕ್ರಕ್ಕೆ ಸನ್ನೆಗೋಲು ಕೊಡುವ ಜನ. ಕಟ್ಟಿಸಿದವನ ಹೆಸರು ಶಾಸನದಲ್ಲಿದೆ. ಗೆರೆ ಕೊರೆದವನ ಹೆಸರು ಇಲ್ಲ. ನಾನು ಆ ಗೋಡೆಯ ಮುಂದೆ ಎಷ್ಟೋ ಸಂಜೆ ನಿಂತಿದ್ದೇನೆ. ಆತ ಎಷ್ಟು ದಿನದಲ್ಲಿ ಮುಗಿಸಿದ, ಇನ್ನೆಷ್ಟು ಚಿತ್ರ ಕೊರೆದ ಅಂತ ಮೊದಲೆಲ್ಲ ಯೋಚಿಸುತ್ತಿದ್ದೆ. ಈಗ ಆ ಪಶುಗಳ ಕತ್ತನ್ನು ನೋಡುತ್ತೇನೆ. ಭಾರ ಎಳೆಯುವಾಗ ಕತ್ತು ಹೇಗೆ ಮುಂದೆ ಚಾಚುತ್ತದೆ ಅಂತ ಆತ ನಿಂತು ನೋಡಿದ್ದಾನೆ. ಅಷ್ಟು ಚೆನ್ನಾಗಿ ನೋಡಿದ ಒಬ್ಬ ಮನುಷ್ಯ ಇದೇ ಊರಿನಲ್ಲಿ ಇದ್ದ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಡಿಗ್ರಿ ಓದುವ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನೀವು ಲೆಕ್ಕ ಬೇಡ ಅಂತೀರಿ. ದಿನಕ್ಕೆ ಒಂದು ಪುಟ ಅಂತ ಇಟ್ಟುಕೊಳ್ಳದಿದ್ದರೆ ನಾನು ಕೂರುವುದೇ ಇಲ್ಲ."

ಇಟ್ಟುಕೊಳ್ಳಮ್ಮ ಅಂದೆ. ಒಂದು ಪುಟ ಅನ್ನುವುದು ಕೈಗೆ ಹೇಳುವ ಮಾತು. ಎತ್ತಿಗೆ ಹಗ್ಗ ಇರುವ ಹಾಗೆ ಕೈಗೆ ಒಂದು ಹಗ್ಗ ಬೇಕು. ಆದರೆ ಪುಟ ಆಗದ ದಿನ ಅಮ್ಮನ ಜೊತೆ ನೆಟ್ಟಗೆ ಮಾತಾಡುತ್ತೀಯಾ? ಗೆಳತಿಯ ಕತೆ ಅಚ್ಚಾದರೆ ಖುಷಿ ಆಗುತ್ತದಾ? ಹೊಟ್ಟೆ ತುಂಬ ಉಣ್ಣುತ್ತೀಯಾ? ಇವು ಸರಿ ಇದ್ದರೆ ನಿನ್ನ ಲೆಕ್ಕ ಕೈಯಲ್ಲೇ ಇದೆ, ಎದೆಗೆ ಏರಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೆಯದು ಕಷ್ಟ ಸರ್" ಅಂದಳು. ಅಷ್ಟು ಜನರ ಮುಂದೆ ಹಾಗೆ ಹೇಳಲು ಧೈರ್ಯ ಬೇಕು. ನನಗೂ ಅದು ಬಹಳ ದಿನ ಕಷ್ಟವಾಗಿತ್ತು ಅಂದೆ.

ಮದುವೆ ಫೋಟೋ ತೆಗೆಯುವ ಒಬ್ಬ ತಮ್ಮ ಕೇಳಿದ. "ಅಣ್ಣ, ನನ್ನ ಹವ್ಯಾಸದಿಂದಲೇ ಈಗ ದುಡ್ಡು ಬರುತ್ತಿದೆ. ನಾನು ಲೆಕ್ಕ ಬಿಟ್ಟರೆ ನಡೆಯಲ್ಲ." ನಡೆಯುವುದಿಲ್ಲ, ನಿಜ. ಒಪ್ಪಿಕೊಂಡ ಕೆಲಸಕ್ಕೆ ತಾರೀಕು ಇದೆ, ಮುಂಗಡ ಇದೆ, ಮದುಮಕ್ಕಳು ಕಾಯುತ್ತಾರೆ. ನಾನೂ ಯಾರಿಗಾದರೂ ಚಿತ್ರ ಮಾಡಿಕೊಡುತ್ತೇನೆ ಅಂದರೆ ಆ ದಿನಕ್ಕೆ ಕೊಟ್ಟೇ ಕೊಡುತ್ತೇನೆ. ಅದು ಮಾತು ಉಳಿಸಿಕೊಳ್ಳುವ ವಿಷಯ. ತಿಂಗಳಿಗೆ ಒಂದು ಬೆಳಿಗ್ಗೆ ಯಾರೂ ಹೇಳದ ಫೋಟೋ ತೆಗಿ, ಯಾರಿಗೂ ಕೊಡಬೇಡ ಅಂತ ಮಾತ್ರ ಹೇಳಿದೆ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹಿರಿಯರು, "ನಿಮ್ಮ ತಾಯಿ ಈಗ ಹೆಂಗಿದ್ದಾರ?" ಅಂತ ಕೇಳಿದರು.

ಕೋಲು ಹಿಡಿದು ಓಡಾಡುತ್ತಾಳೆ. ಹೊಲಕ್ಕೆ ಹೋಗುವುದು ನಿಂತಿದೆ. ಅವಳ ಹತ್ತಿರ ಒಂದು ಕೌದಿ ಇದೆ, ನಾನು ಹೈಸ್ಕೂಲಿನಲ್ಲಿದ್ದಾಗ ಶುರು ಮಾಡಿದ್ದು. ಅಪ್ಪನ ಹಳೆಯ ಧೋತರ, ಅಕ್ಕನ ಲಂಗ, ಸೀರೆಯ ಚೂರು. ಹತ್ತಿ ಬಿಡಿಸುವ ದಿನಗಳಲ್ಲಿ ಅದು ಟ್ರಂಕಿನಲ್ಲಿ ಇರುತ್ತಿತ್ತು, ಬೇಸಿಗೆಯಲ್ಲಿ ಹೊರಗೆ ಬರುತ್ತಿತ್ತು. ಅದಕ್ಕೆ ಎಷ್ಟು ತೂಕ ಬಂತು ಅಂತ ಅಪ್ಪ ಒಂದು ದಿನವೂ ಕೇಳಲಿಲ್ಲ, ಅವ್ವನೂ ಎಣಿಸಲಿಲ್ಲ. ಹೋದ ಬೇಸಿಗೆಯಲ್ಲಿ ಮತ್ತೆ ತೆಗೆದಳು. ನನ್ನ ಮಗಳ ಹಳೆಯ ಸಮವಸ್ತ್ರದಿಂದ ಮೂರು ಚೌಕ ಕತ್ತರಿಸಿ ಸೇರಿಸಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟವನು ನಾನು. ಒಂದು ಮೂಲೆ ಇನ್ನೂ ಬಾಕಿ ಇದೆ. ಮಳೆ ಶುರುವಾದ ಮೇಲೆ ಮಡಚಿ ಒಳಗಿಟ್ಟಳು.